ಹನುಮಸಾಗರದ ಮೇಲೆ ಆಟೋಪೈಲಟ್ ಆಫ್

ಕಾಕ್‌ಪಿಟ್‌ನಲ್ಲಿ ಕಿವಿ ಹರಿಯುವಂತೆ ಅಲಾರಂ ಹೊಡೆದುಕೊಂಡಿತು.

ಆಟೋಪೈಲಟ್ ಆಫ್ ಆಗಿತ್ತು... ತಾನಾಗಿಯೇ!

ನಾನು ಪೈಲಟ್‌ಗಳಿಬ್ಬರ ಹಿಂದಿನ ಮಡಚುವ ಸೀಟಿನಲ್ಲಿದ್ದೆ. ಬೆನ್ನ ಹಿಂದೆ ಅರವತ್ತೆಂಟು ಪ್ರಯಾಣಿಕರು. ಕೆಳಗೆ ಕುಷ್ಟಗಿಯ ದಾಳಿಂಬೆ ತೋಟಗಳು. ಗಿಣಿಗೇರಾ ರನ್‌ವೇ ಇನ್ನೂ ಹತ್ತು ನಿಮಿಷ ದೂರ.

ನನ್ನ ಜೇಬಿನಲ್ಲಿ ಕ್ಯಾಪ್ಟನ್ ಸುಕನ್ಯಾಳ ರಾಜೀನಾಮೆ ಪತ್ರ. ಟೈಪ್ ಮಾಡಿದ್ದು ಕಂಪನಿ. ಅವಳದು ಸಹಿ ಮಾತ್ರ ಬೇಕು.

ಯಾಕೆ ಅಂತೀರಾ? ಹೇಳುತ್ತೇನೆ... ನಾನು ಮಕ್ಬುಲಸಾಬ. ಇಪ್ಪತ್ತಾರು ವರ್ಷ ಪೊಲೀಸ್ ಇಲಾಖೆಯಲ್ಲಿ ಸವೆದು, ಈಗ ಈ ಏರ್‌ಲೈನ್ ಕಂಪನಿಯಲ್ಲಿ ಸವೆಯುತ್ತಿದ್ದೇನೆ. ಬೇಡವಾದವರನ್ನು ಸದ್ದಿಲ್ಲದೆ ಮನೆಗೆ ಕಳಿಸುವುದು ನನ್ನ ಕೆಲಸ. ಸಾಕಾಗಿ ಹೋಗಿದೆ ಸ್ವಾಮಿ.

ಕಂಪನಿಯ ನಿಯಮ ಇಷ್ಟೇ. ಟೇಕಾಫ್ ಆದ ಕೂಡಲೇ ಆಟೋಪೈಲಟ್ ಆನ್. ರನ್‌ವೇ ಎದುರಿಗೆ ಬರುವವರೆಗೆ ಅದನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಮೆಮೋ!

ಸುಕನ್ಯಾಳಿಗೆ ಹದಿನಾಲ್ಕು ಮೆಮೋ ಬಂದಿದ್ದವು. ಆಕಾಶ ಶುಭ್ರವಾಗಿದ್ದ ದಿನ, ತನ್ನೂರು ಹನುಮಸಾಗರದ ಮೇಲೆ ಬರುತ್ತಲೇ ಆಟೋಪೈಲಟ್ ತೆಗೆದು ಗಿಣಿಗೇರಾವರೆಗೆ ಕೈಯಲ್ಲೇ ಹಾರಿಸುತ್ತಿದ್ದಳು.

“ನಿಮ್ಮೂರವ್ರಿಗೆ ತೋರಸ್ಲಿಕ್ಕೇನ್ರಿ?” ಪುಣೆಯಲ್ಲಿ ಹತ್ತುವ ಮೊದಲು ಕೇಳಿದ್ದೆ.

“ನಮ್ಮವ್ವ ಮೂರು ಎಮ್ಮಿ ಕರೀತಾಳ್ರಿ. ನಾಕ ತಿಂಗಳು ಬಿಟ್ರ ಬೆರಳು ಮಾತು ಕೇಳೂದಿಲ್ಲ ಅಂತಾಳ. ಇದೂ ಹಂಗ. ಮಷೀನ್ ಭಾಳ ಛಲೋ ಐತಿ, ಮಂಜು ಮಳಿ ಇದ್ದಾಗ ಅದಕ್ಕ ಬಿಡ್ತೀನಿ. ಅದು ಕೈಕೊಟ್ಟ ದಿನ ಏನ್ ಮಾಡೂದ್ರಿ?”

“ಸಹಿ?”

“ಇಳದ ಮ್ಯಾಲೆ ಮಾಡ್ತೀನಿ. ಹಾರೂಮುಂದ ತಲಿ ಕೆಡಸಬ್ಯಾಡ್ರಿ.”

ಕೈಕೊಟ್ಟ ದಿನ ಇವತ್ತೇ ಬಂದಿತ್ತು.

ಹಾರಿಸುತ್ತಿದ್ದವನು ಕೋ-ಪೈಲಟ್ ದುರುಗೇಶ. ಗಂಗಾವತಿಯವನು. ನಿಯಮಕ್ಕೆ ಒಂದು ದಿನವೂ ತಪ್ಪಿದವನಲ್ಲ. ಆಟೋಪೈಲಟ್ ಗುಂಡಿ ಒತ್ತಿದ. ಆನ್ ಆಗಲಿಲ್ಲ. ಮತ್ತೆ ಒತ್ತಿದ. ಮತ್ತೆ... ಒಂದು ಕೈ ಗುಂಡಿಯ ಮೇಲೆ. ಇನ್ನೊಂದು ಕೈ ಅವನಿಗೇ ಗೊತ್ತಿಲ್ಲದೆ ಕಂಟ್ರೋಲ್ ಹಿಡಿಕೆಯನ್ನು ಎದೆಗೆ ಎಳೆದುಕೊಳ್ಳುತ್ತಿತ್ತು.

“ದುರುಗೇಶ, ಗುಂಡಿ ಬಿಡು. ವಿಮಾನ ನೋಡು.”

“ಮೆಮೋ ಬರ್ತೈತ್ರಿ ಮೇಡಂ...”

ವಿಮಾನದ ಮೂತಿ ಮೇಲೇರಿತು. ವೇಗ ಕುಸಿಯಿತು. ಕಂಟ್ರೋಲ್ ಗಡಗಡ ನಡುಗಿತು. ಇನ್ನೊಂದು ಕ್ಷಣ ಕಳೆದರೆ ಬೀಳುತ್ತೇವೆ!

“ಬಿಡು. ನಾ ಹಿಡದೇನಿ.”

ಅವಳು ಮೂತಿ ತಗ್ಗಿಸಿದಳು. ಎಂಜಿನ್ ಅಬ್ಬರಿಸಿತು. ಹಿಂದೆ ಯಾರೋ ಚೀರಿದರು. ಗಾಜಿನ ತುಂಬ ಬರೀ ನೆಲ... ಆಮೇಲೆ ನಿಧಾನವಾಗಿ ಆಕಾಶ ಮರಳಿ ಬಂತು.

ನನಗೆ ಅಳು ಬಂದಿತ್ತು. ಸುಳ್ಳು ಹೇಳುವುದಿಲ್ಲ.

ಯಲಬುರ್ಗಾ ಹತ್ತಿರ ಬಂದಾಗ ಅವಳು ದುರುಗೇಶನ ಕಡೆ ತಿರುಗಿದಳು.

“ಈಗ ನೀ ಹಿಡಿ.”

“ಇಳಿಸೂದು ಬಿಟ್ರ ಕೈಲೆ ಹಾರಿಸಿ ವರ್ಷ ಆತ್ರಿ ಮೇಡಂ.”

“ಗೊತ್ತೈತಿ. ಸಾವಕಾಶ ಹಿಡಿ. ನಾ ಇಲ್ಲೇ ಅದೇನಿ.”

ಮೂರು ನಿಮಿಷ ಅವನು ಬೆವರುತ್ತ ಹಾರಿಸಿದ. ಆಮೇಲೆ ಅವಳೇ ತೆಗೆದುಕೊಂಡು, ಕಾರ್ಖಾನೆಗಳ ಹೊಗೆಯ ಪಕ್ಕದಲ್ಲಿ ಗಿಣಿಗೇರಾಕ್ಕೆ ಇಳಿಸಿದಳು.

ಮೆಟ್ಟಿಲಿಳಿಯುವ ಮೊದಲೇ ನನ್ನ ಫೋನು ಬಡಿದುಕೊಂಡಿತು. ಕಂಪನಿಯ ವೈಸ್ ಪ್ರೆಸಿಡೆಂಟ್.

“ಸಹಿ ಆಯ್ತೇನ್ರಿ?”

“ಇಲ್ಲ ಸಾರ್.”

“ಆಗದಿದ್ರೆ ನಾಳೆಯಿಂದ ನೀವೂ ಬರಬೇಡಿ.”

ಎಂಜಿನಿಯರ್ ಶಬ್ಬೀರಸಾಬ ಕಾಕ್‌ಪಿಟ್‌ನಿಂದ ತಲೆ ಹೊರಹಾಕಿದ. “ಆಟೋಪೈಲಟ್ ಸತ್ತೈತ್ರಿ. ಪಾರ್ಟ್ ನಾಳಿಗೆ ಬರ್ತೈತಿ. ಕೈಲೆ ಹಾರಿಸ್ಕೊಂಡು ಹೋಗ್ಲಿಕ್ಕ ಅಡ್ಡಿ ಇಲ್ಲ.”

ಸುಕನ್ಯಾ ನನ್ನ ಮುಂದೆ ಬಂದು ಕೈ ಚಾಚಿದಳು.

“ಕೊಡ್ರಿ ಪೆನ್ನು. ಮಾತು ಕೊಟ್ಟೇನಿ.”

ಪೆನ್ನು ಜೇಬಿನಲ್ಲೇ ಇತ್ತು. ನಾನು ತೆಗೆಯಲಿಲ್ಲ. ಈ ವಯಸ್ಸಿನಲ್ಲಿ ಕೆಲಸ ಹೋದರೆ ಹೋಗಲಿ!

“ಸಾರ್, ಮೇಡಂ ಸಹಿ ಮಾಡ್ಲಿಕ್ಕೆ ನಿಂತಾರ,” ಎಂದೆ ಕಿವಿಯಲ್ಲೇ ಇದ್ದ ಫೋನಿಗೆ. “ಆದ್ರ ನಾಲ್ಕೂವರಿಗೆ ಇದ ವಿಮಾನ ವಾಪಸ್ ಹೋಗ್ಬೇಕು. ಆಟೋಪೈಲಟ್ ಇಲ್ಲ, ಕೈಲೆ ಹಾರಿಸವ್ರು ಇವರೊಬ್ರ. ಸಹಿ ಮಾಡಸ್ಲೋ... ಇಲ್ಲಾ ನೀವ ಬಂದು ಹಾರಿಸ್ತೀರೋ?”



“ಸರಿ... ಕೈಯಲ್ಲೇ ಹಾರಿಸಲಿ. ಹದಿನೈದನೇ ಮೆಮೋ ನಾಳೆ ಕಳಿಸ್ತೇವೆ.”