ನೆತ್ತಿಯ ಮೇಲಿನ ಸೂರ್ಯ

ಊಟಕ್ಕೆ ಕರೆಯಲು ಹೋದವಳಿಗೆ ಸಿಕ್ಕಿದ್ದು ಗಂಡನ ಹೆಣ. ಚುಕ್ಕಾಣಿ ಕೋಣೆಯ ಬಾಲ್ಕನಿಯ ಕೆಳಗೆ, ಕಾದ ಡೆಕ್ಕಿನ ಮೇಲೆ, ಕಪ್ತಾನ ಬೋರಲಾಗಿ ಬಿದ್ದಿದ್ದ. ಹಿಂದಲೆ ಒಡೆದಿತ್ತು. ಸುಡುಬಿಸಿಲು; ಆಕೆಯ ನೆರಳು ಕಾಲಡಿಯಿಂದ ಆಚೆ ಸರಿದಿರಲಿಲ್ಲ.

ಹಡಗು ಬಂದರು ಸೇರಿದ ಕೂಡಲೇ ತನಿಖಾಧಿಕಾರಿ ಹತ್ತಿ ಬಂದಳು. ಒಂದು ಕಾಲದಲ್ಲಿ ತಾನೇ ಹಡಗು ನಡೆಸಿದವಳು, ಮಾತು ಕಡಿಮೆ. ಚುಕ್ಕಾಣಿ ಕೋಣೆಯ ಮೂಲೆಯಲ್ಲಿ ಚುಕ್ಕಾಣಿ ಹಿಡಿಯುವ ಮುದುಕ ನಿಂತಿದ್ದ—ಎಲ್ಲರ ಬಾಯಲ್ಲೂ 'ಮೀಸೆ'. ತಮ್ಮನ ದೂರು ಕೇಳಿ ಅವನ ಕೈ ಕಟ್ಟಿಸಿದವಳು ಕಪ್ತಾನನ ಹೆಂಡತಿಯೇ. ಅವಳಿಗೆ ತಮ್ಮನ ಮಾತೆಂದರೆ ವೇದವಾಕ್ಯ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಸಾಕಿದ್ದಳು. ಇದೇ ಹಡಗಿನಲ್ಲಿ ಸರಕಿನ ಉಸ್ತುವಾರಿ ಕೆಲಸವನ್ನೂ ಕೊಡಿಸಿದ್ದಳು.

"ಏನಾಯ್ತು, ಹೇಳಿ," ಎಂದಳು ಅಧಿಕಾರಿ.

"ಮಧ್ಯಾಹ್ನ ಭಾವ ಬಾಲ್ಕನಿಯಲ್ಲಿ ಕಂಪಾಸಿನ ಮೇಲೆ ಬಗ್ಗಿದ್ರು, ಮೇಡಂ," ಎಂದ ತಮ್ಮ. "ಕಂಪಾಸಿನ ಮೇಲೆ ಕೂರಿಸೋ ಹಿತ್ತಾಳೆ ಬಳೆ ಇದೆಯಲ್ಲ, ಅದರ ಕನ್ನಡೀಲಿ ಸೂರ್ಯನ ದಿಕ್ಕು ನೋಡ್ತಿದ್ರು. ದಿನಾ ನೋಡೋರು—ಕಂಪಾಸು ಸುಳ್ಳು ಹೇಳ್ತಿದೆಯಾ ಅಂತ. ಅಷ್ಟರಲ್ಲಿ ಈ ಮುದುಕ ಚುಕ್ಕಾಣೀನ ಗಕ್ಕನೆ ತಿರುಗಿಸಿದ. ಹಡಗು ವಾಲ್ತು. ಭಾವ ಕಂಬಿ ದಾಟಿ ಬಿದ್ರು."

"ನೀವೆಲ್ಲಿದ್ರಿ?"

"ಪಕ್ಕದಲ್ಲೇ. ಹಿಡಿಯೋಕೆ ಹೋದೆ, ಕೈಗೆ ಸಿಗಲಿಲ್ಲ."

"ಬೇರೆ ಯಾರಾದ್ರೂ?"

"ಇಲ್ಲ. ನಾವಿಬ್ಬರೇ."

"ನಾನು ತಿರುಗಿಸಿಲ್ಲ, ತಾಯಿ," ಎಂದ ಮೀಸೆ. ಕಪ್ತಾನನ ಹೆಂಡತಿ ಮುಖ ತಿರುಗಿಸಿದಳು. ಇವನು ಜೈಲಿನಲ್ಲೇ ಕೊಳೆಯಲಿ ಎಂದು ಮನಸಾರೆ ಶಪಿಸಿದಳು.

ಅಧಿಕಾರಿ ಅವಳನ್ನೇ ಕೇಳಿದಳು. "ಅಮ್ಮಾ, ನೀವು ಅವರನ್ನ ನೋಡಿದಾಗ ನಿಮ್ಮ ನೆರಳು ಎಲ್ಲಿತ್ತು?"

ಇದೆಂಥ ಪ್ರಶ್ನೆ! "ಕಾಲಡೀಲೇ. ನಡುಮಧ್ಯಾಹ್ನ ಅಲ್ವಾ? ಸೂರ್ಯ ನೆತ್ತಿ ಮೇಲಿದ್ದ."

ಅಧಿಕಾರಿ ತಮ್ಮನ ತಲೆಯ ಮೇಲೆ ತೂಗುತ್ತಿದ್ದ ದೀಪ ತೋರಿಸಿದಳು. "ಇದು ನಿಮಗೆ ಯಾವ ದಿಕ್ಕಿಗಿದೆ?"

ಅವನು ಕತ್ತೆತ್ತಿ ನೋಡಿದ. ಮೇಲಕ್ಕೆ ಬೆರಳು ಮಾಡಿದ.

"ಹೇಳೋಕಾಗಲ್ಲ, ಅಲ್ವಾ? ಲೆಕ್ಕ ಹಾಕಿದ ದಿಕ್ಕಿಗೂ ಕಂಪಾಸು ತೋರಿಸೋದಕ್ಕೂ ತಾಳೆ ನೋಡೋದು ಸೂರ್ಯ ತಗ್ಗಿನಲ್ಲಿದ್ದಾಗ—ಬೆಳಿಗ್ಗೆ, ಇಲ್ಲಾ ಸಂಜೆ. ನೆತ್ತಿಗೇರಿದ ಸೂರ್ಯನ ದಿಕ್ಕು ಹೇಗೆ ಹಿಡೀತೀರಿ? ಪಳಗಿದ ಕಪ್ತಾನ ಆ ಹೊತ್ತಲ್ಲಿ ಆ ಬಳೆ ಮುಟ್ಟೋನೇ ಅಲ್ಲ. ದಿನಾ ಕಂಡಿದ್ದನ್ನ ಗಿಳಿಪಾಠ ಒಪ್ಪಿಸಿದ್ರಿ. ಇನ್ನೊಂದು—ಬೋರಲು ಬಿದ್ದವರಿಗೆ ಹಿಂದಲೆ ಒಡೆಯೋದು ಹೇಗೆ? ಹಿಂದಿನಿಂದ ಹೊಡೆದು ತಳ್ಳಿದ್ದಾರೆ. ಪಕ್ಕದಲ್ಲಿದ್ದವರು ನೀವೊಬ್ಬರೇ. ನಮ್ಮವರು ಹುಡುಕಿದಾಗ ಕದ್ದ ಸರಕು ನಿಮ್ಮ ಮಂಚದಡಿ ಸಿಕ್ಕಿದೆ. ಭಾವನಿಗೂ ಅದು ಗೊತ್ತಾಗಿತ್ತು, ಪೊಲೀಸರಿಗೆ ಒಪ್ಪಿಸೋರಿದ್ರು. ಹೌದಾ?"

"ಇಲ್ಲ! ಗಾಬರೀಲಿ ಹೊತ್ತು ತಪ್ಪಿ ಹೇಳಿದೆ! ಅವರು ಬಿದ್ದಿದ್ದು ಬೆಳಿಗ್ಗೇನೇ, ಹೆದರಿಕೊಂಡು ಸುಮ್ಮನಿದ್ದೆ." ಅವನು ಅಕ್ಕನ ಕೈ ಹಿಡಿದ. "ಅಕ್ಕಾ, ಬೆಳಿಗ್ಗೆಯಿಂದ ಭಾವನ್ನ ನೋಡಿಲ್ಲ ಅಂತ ಹೇಳು. ಅಷ್ಟು ಹೇಳು ಸಾಕು!"

ಅಷ್ಟು ಹೇಳಿದರೆ ಎತ್ತಿ ಆಡಿಸಿದ ಕೂಸು ಉಳಿಯುತ್ತಿತ್ತು. ಮುದುಕ ಜೈಲು ಸೇರುತ್ತಿದ್ದ.

"ಊಟಕ್ಕೆ ಸ್ವಲ್ಪ ಮುಂಚೆ ಅಡುಗೆಮನೆಗೆ ಬಂದಿದ್ರು," ಎಂದಳು. "ಅಂಗೈಗೆ ಸಾರು ಹಾಕಿಸ್ಕೊಂಡು ಉಪ್ಪು ನೋಡಿದ್ರು. ಸರಿಯಾಗಿದೆ ಕಣೇ ಅಂತ ಹೇಳಿ ಮೇಲೆ ಹೋದ್ರು."

"ಅಕ್ಕಾ..."

"ಅಕ್ಕ ಅನ್ನಬೇಡ."

ಆಕೆ ಕೈ ಕೊಸರಿಕೊಂಡು ಮೀಸೆಯ ಹತ್ತಿರ ಹೋದಳು. ತಾನೇ ಕಟ್ಟಿಸಿದ್ದ ಗಂಟು ಬಿಚ್ಚಲು ನೋಡಿದಳು; ಬಿಗಿದ ಹಗ್ಗ ಸಡಿಲಲಿಲ್ಲ. ಮುದುಕನ ಕೈಗಳನ್ನು ಹಾಗೆಯೇ ಹಿಡಿದುಕೊಂಡು ಜೋರಾಗಿ ಅತ್ತಳು.