ಒಂದು ಕಡೆ ಒಣಗದ ಜಮಖಾನೆ

2003ರ ಏಪ್ರಿಲ್‌ನಲ್ಲಿ ನಾವು ಕೊಟ್ಟೂರಿನ ಬಾಡಿಗೆ ಮನೆಯಲ್ಲಿದ್ದೆವು. ನಾನು ನಲ್ಲಿ ನಿಲ್ಲಿಸುವುದು ಮರೆತು ನಡುಮನೆಯೆಲ್ಲ ನೀರಾಯಿತು. ಗೋಡೆಗೆ ತಾಗಿಸಿ ಹಾಸಿದ್ದ ಜಮಖಾನೆ ತೊಯ್ದು ಹೆಣಭಾರವಾಗಿತ್ತು. ಮಾಳಿಗೆಗೆ ಎಳೆದೊಯ್ದು ಬಿಸಿಲಿಗೆ ಹರವಿದೆ.

ಮಧ್ಯಾಹ್ನಕ್ಕೆ ಎಲ್ಲ ಗರಿಗರಿಯಾಗಿ ಒಣಗಿತ್ತು, ಅಂಚಿನ ಬಳಿ ಮೊರದಷ್ಟು ಜಾಗ ಬಿಟ್ಟು. ಆ ಬಿಸಿಲಲ್ಲೂ ಅದು ತಣ್ಣಗಿತ್ತು. ಹಿಂಡಿದರೆ ಲೋಳೆ ಬಂತು, ಜೊತೆಗೆ ವಿಭೂತಿ ಮತ್ತು ಕೊಳೆತ ಚೆಂಡುಹೂವಿನ ನಾತ. ಸೋಪು ಹಾಕಿ ಮೂರು ಸಲ ಕೈ ತೊಳೆದರೂ ಆ ನಾತ ಉಗುರು ಬಿಟ್ಟು ಹೋಗಲಿಲ್ಲ.

ಅತ್ತೆ ನಾಗಲಿಂಗಮ್ಮ ಮೂಗಿಗೆ ಸೆರಗು ಹಿಡಿದು ಬಗ್ಗಿ ನೋಡಿದರು. ಒದ್ದೆ ನಡುವೆ ದುಂಡಗಿತ್ತು, ಎರಡೂ ಪಕ್ಕ ಮಡಿಸಿದ ಮೊಣಕಾಲಿನ ಗುರುತಿತ್ತು.

“ಇದು ಎಲ್ಲೀದು?”

“ಮೊದಲಿದ್ದ ಬಾಡಿಗಿಯೋರು ಬಿಟ್ಟು ಹೋಗಿದ್ರು. ಚಲೋ ಐತಿ ಅಂತ ಹಾಸಿದ್ನಿರಿ.”

“ಚಲೋ ಐತಿ ಅಂತ! ಹೆಣ ಕುಂದ್ರಿಸಿದ ಜಮಖಾನಿ ಯಾರರ ಮನ್ಯಾಗ ಹಾಸ್ತಾರೇನು?”

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂಡ್ರಿಸುತ್ತಾರೆ. ಎಂಟು ತಿಂಗಳು ನಾವು ಅದರ ಮೇಲೆ ಕೂತು ಉಂಡಿದ್ದೆವು. ನನ್ನ ಕೂಸು ದಿನಾ ಅದೇ ಅಂಚನ್ನು ಚೀಪುತ್ತಿತ್ತು.

ಅವತ್ತೇ ಅದನ್ನು ಊರಾಚೆ ಸುಡಿಸಿ, ನೆಲವನ್ನು ಫಿನಾಯಿಲ್ ಹಾಕಿ ತಿಕ್ಕಿದೆ. ಗೋಡೆಯ ಮೇಲೆ, ಕೂತವರ ತಲೆ ತಾಗುವಷ್ಟು ಎತ್ತರದಲ್ಲಿ, ಎಣ್ಣೆಯ ಕಲೆ ಇತ್ತು. ಎರಡು ಸಲ ಸುಣ್ಣ ಹೊಡೆಸಿದೆವು.

ಮನೆ ಖಾಲಿ ಮಾಡುವ ದಿನ ಆ ಕಲೆ ಮತ್ತೆ ಎದ್ದಿತ್ತು. ಬಟ್ಟೆಯಿಂದ ಒರೆಸಿದಾಗ ಒಂದು ಬಿಳಿ ಕೂದಲು ಅಂಟಿಕೊಂಡು ಬಂತು. ಎಣ್ಣೆ ಇನ್ನೂ ಬೆಚ್ಚಗಿತ್ತು.