ಕೊಕ್ಕೆ ಮೇಲಿನ ಬೆಳ್ಳನೆ ವಿಭೂತಿ

ಅಕ್ಟೋಬರ್ 14, ಮಂಗಳವಾರ, ಮಧ್ಯಾಹ್ನ 12.40. ಹೆಮ್ಮಿಗೆ ಊರಿನ ಪವಿತ್ರಾ ನಂಜನಗೂಡು ಠಾಣೆಗೆ ಬರಿಗಾಲಲ್ಲೇ ಓಡಿಬಂದ್ಲು. ಕಾರ್ಖಾನೇಲಿ ಕ್ರೇನಿನ ಕೊಕ್ಕೆ ಮುರಿದು, ಕಬ್ಬಿಣದ ತೊಟ್ಟಿ ಅವಳ ಗಂಡ ಚಿಕ್ಕಸ್ವಾಮಿ ಕಾಲ್ಮೇಲೆ ಬಿದ್ದಿತ್ತು. ಆಪರೇಟರ್ ರಂಗಸ್ವಾಮಿ ಜಾಸ್ತಿ ತೂಕ ಎತ್ತಿದ್ನಂತೆ, ಮ್ಯಾನೇಜರ್ ಹಂಗಂದ್ರಂತೆ. ಎಫ್‌ಐಆರ್ ಆಯ್ತು. ರಂಗಸ್ವಾಮಿ ಜಾಸ್ತಿ ಎತ್ತಿಲ್ಲ ಅಂತಾನೇ ಹೇಳ್ತಾ ಠಾಣೆ ಬೆಂಚಲ್ಲಿ ಕೂತ. ನಾಳೆ ಸಂಜೆಯೊಳಗೆ ಬೇರೇನೂ ಸಿಗ್ದಿದ್ರೆ ಅವನೇ ಜೈಲಿಗೆ.

ಇನ್ಸ್‌ಪೆಕ್ಟರ್ ಹೇಮಲತಾಗೆ ಯಾಕೋ ಸಮಾಧಾನ ಆಗ್ಲಿಲ್ಲ. ಕಾನ್‌ಸ್ಟೇಬಲ್ ಮಾದೇಶನ ಜೊತೆ ಪಂಚನಾಮೆಗೆ ಹೋದ್ರು. ಕೊಕ್ಕೆ ಕುತ್ತಿಗೆ ತುಂಬಾ ತುಕ್ಕಿನ ಗುಂಡಿ, ಸಿಡುಬೆದ್ದ ಮುಖದಂಗೆ.

"ಹಳೇ ತುಕ್ಕು ಮೇಡಂ, ಬಿಟ್ಟಾಕಿ," ಅಂದ ಮಾದೇಶ.

ಅದರ ಮೇಲೆ ಮೂರು ಗೆರೆ ವಿಭೂತಿ ಇತ್ತು. ಆಯುಧಪೂಜೆ ಕಳೆದು ಎರಡು ವಾರ, ಬೇರೆ ಮಿಷಿನ್ನುಗಳ ಮೇಲಿನದು ಗ್ರೀಸ್ ಹಿಡಿದು ಕರ್ರಗಾಗಿತ್ತು. ಇದು ಮಾತ್ರ ಮೊನ್ನೆ ಹಚ್ಚಿದಂಗೆ ಬೆಳ್ಳಗೆ. ಹೇಮಲತಾ ಅದನ್ನೂ ಬರೆಸಿದ್ರು.

ಬುಧವಾರ ಮಧ್ಯಾಹ್ನ 2.10. ಮೈಸೂರಲ್ಲಿ ಇಂಜಿನಿಯರಿಂಗ್ ಪಾಠ ಮಾಡೋ ನಂದಿತಾ ಒಂದೊಂದು ಗುಂಡಿನೂ ಅಳೆದು, ಅದೇ ಕೊಕ್ಕೆನ ಕಂಪ್ಯೂಟರಲ್ಲಿ ಕಟ್ಟಿ, ತೂಕ ನೇತಾಕಿದ್ರು. ಪರದೆ ಮೇಲೆ ಎಳೆತ ಜಾಸ್ತಿ ಇದ್ದಲ್ಲೆಲ್ಲಾ ಕೆಂಪು.

"ಬರೀ ತುಕ್ಕಾದ್ರೆ, ಎಳೆತ ಎಲ್ಲಿ ಜಾಸ್ತಿಯೋ ಅಲ್ಲೇ ಗುಂಡಿ ಬೇಗ ಆಳ ಆಗುತ್ತೆ ಮೇಡಂ. ಇಲ್ಲಿ ಹಂಗಿಲ್ಲ. ಎಳೆತ ಕಮ್ಮಿ ಇರೋ ಬದೀಲೂ ಆಳ. ಇದು ಆಸಿಡ್ ಕೆಲಸ. ದಿನಾ ಎತ್ತೋ ತೂಕಕ್ಕೇ ಮುರಿದಿದೆ."

ಅಂದ್ರೆ ರಂಗಸ್ವಾಮಿ ತಪ್ಪಿಲ್ಲ. ಹೇಮಲತಾ ಪಂಚನಾಮೆ ತೆಗೆದ್ರು; ಆ ವಿಭೂತಿ ಬೆಳ್ಳಗಿತ್ತು ಅಂದ್ರೆ ಆಸಿಡ್ ಬಿದ್ದಮೇಲೆ ಹಚ್ಚಿದ್ದು. ಕಾರ್ಖಾನೆಗೆ ಫೋನ್ ಮಾಡಿ ಒಂದೇ ಮಾತು ಕೇಳಿದ್ರು: ವಿಭೂತಿ ಹಚ್ಚೋರು ಯಾರು? ಫಿಟ್ಟರ್ ರುದ್ರೇಶ್, ಬೇರೆಯೋರನ್ನ ಮುಟ್ಟೋಕೂ ಬಿಡಲ್ಲ ಅಂದ್ರು.

ಸಂಜೆ 5.15, ಅವನ ಊರು ಮೂಗೂರು. ರುದ್ರೇಶ್ ಜಗಲಿ ಮೇಲೆ ಕೂತಿದ್ದ, ಹಣೆ ತುಂಬಾ ವಿಭೂತಿ.

"ಆಸಿಡ್ ಹಾಕಿದ್ಮೇಲೆ ವಿಭೂತಿ ಯಾಕಯ್ಯಾ ಬಳಿದೆ?"

"ಅಳ್ಸೋಗಿತ್ತು ಮೇಡಂ. ಕೊಕ್ಕೆನ ಬೋಳು ಅಣೇಲಿ ಬಿಡೋಕೆ ಮನ್ಸಾಗ್ನಿಲ್ಲ."

ಆಮೇಲೆ ತಾನಾಗೇ ಹೇಳ್ದ. ಕೊಕ್ಕೆ ಕಿರ್ ಅಂತದೆ, ಬದಲಾಯ್ಸಿ ಅಂತ ಮೂರು ಸಲ ಬರ್ಕೊಟ್ಟಿದ್ನಂತೆ. ನಿನ್ ಕಿವಿ ತೋರಿಸ್ಕೊ ಹೋಗು ಅಂತ ಮ್ಯಾನೇಜರ್ ನಕ್ಕಿದ್ರಂತೆ. ಈ ಗುರುವಾರ ಸರ್ಕಾರಿ ತಪಾಸಣೆ ಇತ್ತು. ಕಣ್ಣಿಗೆ ಕಾಣೋ ಹಂಗೆ ಗುಂಡಿ ಇದ್ರೆ ತಪಾಸಣೆಯೋರೇ ಕೊಕ್ಕೆ ತೆಗೆಸ್ತಾರೆ ಅಂತ ಭಾನುವಾರ ರಜೆಲಿ ಆಸಿಡ್ ಹಾಕಿದ್ದ. ಅದು ಮಂಗಳವಾರವೇ ಮುರೀತು. ಕೆಳಗಿದ್ದವನು, ದಿನಾ ಇವನ ಜೊತೆ ಬುತ್ತಿ ಬಿಚ್ಚೋ ಚಿಕ್ಕಸ್ವಾಮಿ.

ಜೀಪ್ ಹತ್ತೋವಾಗ ಕೇಳ್ದ: "ನಾ ಏನೂ ಮಾಡ್ದೆ ಓಗಿದ್ರೆ?"

ಹೇಮಲತಾ ಅದನ್ನೂ ನಂದಿತಾಗೆ ಫೋನ್ ಮಾಡಿ ಕೇಳಿ, ಅವನಿಗೆ ಹೇಳಿದ್ರು. "ಇನ್ನು ಏಳು ತಿಂಗ್ಳಿಗೆ ತಾನಾಗೇ ಮುರೀತಿತ್ತಂತೆ. ಮೂರು ಅರ್ಜಿನೂ ಕೇಸಿಗೆ ಸೇರಿಸ್ತೀನಿ, ಮ್ಯಾನೇಜರ್‌ನೂ ಬಿಡಲ್ಲ."

ಅವನ ಮುಖ ಒಂದು ಗಳಿಗೆ ಅರಳ್ತು.

"ಅವ್ನ ಕಾಲು ಮೇಡಂ?"

"ತೆಗ್ದಿದ್ದಾರೆ. ಬೆಳಿಗ್ಗೆ."

ರುದ್ರೇಶ್ ಹೆಗಲ ಟವಲ್ ತಗೊಂಡು, ತನ್ನ ಹಣೆ ವಿಭೂತಿನ ನಿಧಾನಕ್ಕೆ ಪೂರಾ ಒರೆಸ್ಕೊಂಡ.